ಬಿಸಿಲೂ ಮೈಬಲವೂ

ಈ ತಿಂಗಳಿನ ಪಾಠವು ಶರೀರದ ಆರೋಗ್ಯವನ್ನು ಕುರಿತದ್ದಾಗಿದೆ. ಸುರೇಬಾನ, ರಾಮದುರ್ಗ ಮುಂತಾದ ಮಲಪ್ರಭೆಯ ಕಡೆಯ ಊರುಗಳಲ್ಲಿ ಬಿಸಿಲಿಗೆ ಕೊರತೆ ಇಲ್ಲವೆಂಬದು ಎಲ್ಲರಿಗೂ ತಿಳಿದದ್ದೇ. ಹೀಗಿದ್ದರೂ ಬಿಸಿಲಿನಿಂದ ಉಂಟಾಗತಕ್ಕ ಒಂದು ಸತ್ವವು ಸಾಲದೆ ನಮ್ಮ ದೇಶದಲ್ಲಿ ಅನೇಕರು, ವಿಶೇಷವಾಗಿ ಮನೆಯೊಳಗೇ ಕೆಲಸಮಾಡುವವರೂ ಬಾಣಂತಿಯರೂ ಮುದುಕರೂ, ಬಲಗುಂದಿದವರಾಗಿದ್ದಾರೆ. ಆ ಸತ್ವಕ್ಕೆ ವಿಟಮಿನ್ ಡಿ ಎಂದು ಹೆಸರು. ಕೆರೆಯ ದಂಡೆಯಲ್ಲಿದ್ದು ಬಾಯಾರಿದವರ ಸ್ಥಿತಿಯು ಹೇಗೋ ಇದೂ ಹಾಗೆಯೇ ಇದೆ. ಈ ಕೊರತೆಯಿಂದ ಬರುವ ಬಲಹೀನತೆಯನ್ನು ಗುರುತಿಸಿದರೆ ಬಹಳ ಮಟ್ಟಿಗೆ ಗುಣಪಡಿಸಬಹುದು. ಗುರುತಿಸದಿದ್ದರೆ ಬಿದ್ದು ಎಲುಬು ಮುರಿದುಕೊಂಡು ಹಾಸಿಗೆ ಹಿಡಿಯುವ ಕಷ್ಟವು ಪ್ರಾಪ್ತವಾಗಬಹುದು. ಆದುದರಿಂದ ಈ ಪಾಠವನ್ನು ನಿಧಾನವಾಗಿ ಓದಿ, ಓದಲಾರದವರಿಗೆ ಓದಿಹೇಳಬೇಕೆಂದು ಕೇಳಿಕೊಳ್ಳುತ್ತೇವೆ.

1. ಈ ಬಲಹೀನತೆಯ ಗುರುತುಗಳು

ಸಾಧಾರಣ ದಣಿವು ರಾತ್ರಿಯ ನಿದ್ರೆಯಿಂದ ತೀರುತ್ತದೆ. ನಾವು ಹೇಳುವ ಬಲಹೀನತೆಯು ಹಾಗೆ ತೀರುವದಿಲ್ಲ. ಅದು ಮೊದಲು ಟೊಂಕ, ತೊಡೆ, ಭುಜ ಇವುಗಳ ದೊಡ್ಡ ಮಾಂಸಖಂಡಗಳನ್ನು ಹಿಡಿಯುತ್ತದೆ. ಬೆರಳುಗಳ ಶಕ್ತಿಯು ಬಹುಕಾಲ ಉಳಿದಿರುತ್ತದೆ. ಹೇಗಂದರೆ, ಸೂಜಿಗೆ ದಾರವನ್ನು ಸುಲಭವಾಗಿ ಪೋಣಿಸುವ ಸ್ತ್ರೀಯು ತುಂಬಿದ ಕೊಡವನ್ನು ತಲೆಗೆ ಎತ್ತಲಾರಳು. ರೊಟ್ಟಿ ಬಡಿದು ಮುಗಿಸಿ ಒಲೆಯ ಮುಂದಿನಿಂದ ಏಳುವಾಗ ಮೊಣಕಾಲಿಗೆ ಕೈಯೂರಿ ಅಥವಾ ಗೋಡೆ ಹಿಡಿದು ಏಳುವಳು. ಮೆಟ್ಟಲು ಹತ್ತುವದು ಕಷ್ಟವಾಗುವದು. ರೋಗವು ಹೆಚ್ಚಾದರೆ ನಡಿಗೆಯು ಬಾತುಕೋಳಿಯ ನಡಿಗೆಯಂತೆ ಎರಡೂ ಕಡೆಗೆ ಓಲಾಡುವದು. ಬೆನ್ನು, ಟೊಂಕ, ಮೊಣಕಾಲ ಕೆಳಗಿನ ಎಲುಬು ಇವುಗಳಲ್ಲಿ ಒಳನೋವು ಇರುವದು. ಎಲುಬನ್ನು ಒತ್ತಿದರೆ ನೋವು ಹೆಚ್ಚುವದು.

ಇಂಥವರನ್ನು ಕಂಡು ಮನೆಯವರು ಏನನ್ನುತ್ತಾರೆ? ಸೊಸೆಯಾಗಿದ್ದರೆ ಮೈಗಳ್ಳಿ ಎನ್ನುತ್ತಾರೆ. ಮುದುಕರಾಗಿದ್ದರೆ ವಯಸ್ಸಾಯಿತು, ಇನ್ನೇನು ಎನ್ನುತ್ತಾರೆ. ಕೆಲವರು ಯಾರದೋ ಕಣ್ಣು ತಾಗಿತೆಂದು ತಾಯಿತ ಕಟ್ಟಿಸುತ್ತಾರೆ. ಇದರಿಂದ ರೋಗಿಗೆ ಎರಡು ಭಾರಗಳಾಗುತ್ತವೆ: ಮೈಯ ಬಾಧೆಯು ಒಂದು, ಮನೆಯವರ ಮಾತು ಇನ್ನೊಂದು. ವರುಷಗಟ್ಟಲೆ ಬೈಸಿಕೊಂಡವಳ ಕೊರತೆಯು ಕೆಲವು ವಾರಗಳ ಔಷಧದಿಂದ ತೀರಬಹುದಾಗಿತ್ತೆಂದು ಕೊನೆಗೆ ತಿಳಿದುಬಂದರೆ, ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವದು ಹೇಗೆ?

2. ಈ ಸತ್ವವು ಹುಟ್ಟುವ ಮತ್ತು ಕೆಲಸಮಾಡುವ ರೀತಿ

ನಮ್ಮ ಚರ್ಮದಲ್ಲಿ ಕೊಬ್ಬಿನ ಜಾತಿಯ ಒಂದು ಪದಾರ್ಥವುಂಟು. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಒಂದು ಬಗೆಯ ಕಿರಣಗಳಿರುತ್ತವೆ. ಅವು ಚರ್ಮಕ್ಕೆ ತಾಗಿದಾಗ ಆ ಪದಾರ್ಥವು ವಿಟಮಿನ್ ಡಿ ಆಗಿ ಮಾರ್ಪಡುತ್ತದೆ. ಬಳಿಕ ಅದು ರಕ್ತದ ಮೂಲಕ ಯಕೃತ್ತಿಗೂ ಅಲ್ಲಿಂದ ಮೂತ್ರಪಿಂಡಗಳಿಗೂ ಹೋಗಿ, ಎರಡಾವರ್ತಿ ಬದಲಾಗಿ, ಕೆಲಸಕ್ಕೆ ಸಿದ್ಧವಾಗುತ್ತದೆ. ಅದರ ಮುಖ್ಯ ಕೆಲಸವೇನಂದರೆ, ನಾವು ಉಂಡ ಅನ್ನದಲ್ಲಿರುವ ಸುಣ್ಣದ ಅಂಶವನ್ನು, ಅಂದರೆ ಕ್ಯಾಲ್ಸಿಯಮನ್ನು, ಮತ್ತು ರಂಜಕವನ್ನು ಕರುಳಿನಿಂದ ರಕ್ತಕ್ಕೆ ಸೇರಿಸುವದು.

ಕ್ಯಾಲ್ಸಿಯಮೂ ರಂಜಕವೂ ಎಲುಬಿಗೆ ಮಾತ್ರ ಬೇಕಾದವುಗಳಲ್ಲ. ಮಾಂಸಖಂಡವು ಕುಗ್ಗಿ ಎಳೆಯಬೇಕಾದರೆ ಅದರೊಳಗೆ ಕ್ಯಾಲ್ಸಿಯಮಿನ ಸಂಚಾರವಾಗಬೇಕು. ಅದರ ಶಕ್ತಿಯ ಸಂಗ್ರಹಕ್ಕೆ ರಂಜಕವು ಬೇಕು. ವಿಟಮಿನ್ ಡಿ ಬಹಳ ಕಡಿಮೆಯಾದಾಗ ಎಲುಬು ಮೆತ್ತಗಾಗುತ್ತದೆ, ಮಾಂಸಖಂಡವೂ ಸೊರಗುತ್ತದೆ. ಮಾಂಸಖಂಡದಲ್ಲಿ ಎರಡು ತರದ ತಂತುಗಳುಂಟು. ಒಂದು ತರದವು ಮೆಲ್ಲಗೆ ಬಹಳ ಹೊತ್ತು ದುಡಿಯುತ್ತವೆ. ಇನ್ನೊಂದು ತರದವು ಥಟ್ಟನೆ ಎಳೆಯುತ್ತವೆ. ಹೊಸ್ತಿಲಿಗೆ ಎಡವಿದಾಗ ಕ್ಷಣಮಾತ್ರದಲ್ಲಿ ಕಾಲನ್ನು ಮುಂದಕ್ಕೆ ಊರಿ ನಮ್ಮನ್ನು ಬೀಳದಂತೆ ಕಾಯುವವು ಈ ಎರಡನೆಯ ತರದವುಗಳೇ. ಈ ಕೊರತೆಯಲ್ಲಿ ವಿಶೇಷವಾಗಿ ಸಣ್ಣಗಾಗುವವುಗಳೂ ಅವೇ. ಹೀಗೆ ಕೊರತೆಯುಳ್ಳವನು ಬೀಳುವ ಸಂಭವವು ಹೆಚ್ಚು, ಬಿದ್ದರೆ ಎಲುಬು ಮುರಿಯುವ ಸಂಭವವೂ ಹೆಚ್ಚು.

3. ಇದು ತಿಳಿದುಬಂದ ಚರಿತ್ರೆ

ಮಕ್ಕಳ ಕಾಲುಗಳು ಸೊಟ್ಟಾಗುವ ರಿಕೆಟ್ಸ್ ಎಂಬ ರೋಗವು ಹಿಂದೆ ಯೂರೋಪಿನ ಹೊಗೆ ತುಂಬಿದ ಪಟ್ಟಣಗಳಲ್ಲಿ ಬಹಳವಾಗಿತ್ತು. ಥಿಯೋಬಾಲ್ಡ್ ಪಾಮ್ ಎಂಬ ಮಿಶನ್ ವೈದ್ಯರು 1870ರ ದಶಕದಲ್ಲಿ ಜಪಾನ್ ದೇಶದ ನೀಗಾಟಾ ಪಟ್ಟಣದಲ್ಲಿ ಸೇವೆಮಾಡುತ್ತಿದ್ದಾಗ ಅಲ್ಲಿ ಆ ರೋಗವನ್ನು ಕಾಣಲಿಲ್ಲ. ಇಂಗ್ಲೆಂಡಿಗೆ ತಿರುಗಿ ಹೋದ ಮೇಲೆ ಅದನ್ನು ಹೇರಳವಾಗಿ ಕಂಡರು. ಆಗ ಅವರು ಚೀನ ಮುಂತಾದ ದೇಶಗಳಲ್ಲಿದ್ದ ಮಿಶನರಿಗಳಿಂದ ಪತ್ರಗಳ ಮೂಲಕ ಸಮಾಚಾರವನ್ನು ತರಿಸಿ, 1890ರಲ್ಲಿ ಒಂದು ಲೇಖನವನ್ನು ಪ್ರಕಟಿಸಿ, ರೋಗಕ್ಕೆ ಬಿಸಿಲಿನ ಅಭಾವವೇ ಮುಖ್ಯ ಕಾರಣವೆಂದು ತೋರಿಸಿದರು. ಆ ಕಾಲದಲ್ಲಿ ಆ ಮಾತನ್ನು ಲಕ್ಷ್ಯಕ್ಕೆ ತಂದುಕೊಂಡವರು ಕೊಂಚವೇ.

1919ರಲ್ಲಿ ಬರ್ಲಿನ್ ಪಟ್ಟಣದ ಹುಲ್ಡ್‌ಶಿನ್ಸ್ಕಿ ಎಂಬ ವೈದ್ಯರು ಬಿಸಿಲಿನಂಥ ಕಿರಣಗಳನ್ನು ಕೊಡುವ ದೀಪದಿಂದ ರೋಗಿ ಮಕ್ಕಳನ್ನು ಗುಣಪಡಿಸಿದರು. ಅದೇ ಕಾಲದಲ್ಲಿ ಇಂಗ್ಲೆಂಡಿನ ಮೆಲನ್ಬಿ ಎಂಬವರು ನಾಯಿಮರಿಗಳಲ್ಲಿ ಪರೀಕ್ಷಿಸಿ, ಕಾಡ್ ಎಂಬ ಮೀನಿನ ಯಕೃತ್ತಿನ ಎಣ್ಣೆಯು ಈ ರೋಗವನ್ನು ತಡೆಯುತ್ತದೆಂದು ಕಂಡರು. 1922ರಲ್ಲಿ ಅಮೇರಿಕದ ಮೆಕಾಲಮ್ ಎಂಬವರು ಆ ಎಣ್ಣೆಯೊಳಗಿನ ಸತ್ವವನ್ನು ಬೇರೆಯಾಗಿ ಗುರುತಿಸಿದರು. ಎ, ಬಿ, ಸಿ ಎಂಬ ಹೆಸರುಗಳು ಮೊದಲೇ ಉಪಯೋಗದಲ್ಲಿದ್ದುದರಿಂದ ಇದಕ್ಕೆ ಡಿ ಎಂಬ ಅಕ್ಷರವು ಬಂತು.

ಅದೇ 1922ರಲ್ಲಿ ನಮ್ಮ ನೆರೆಯ ನಾಸಿಕದ ಸೀಮೆಯಿಂದ ಹಚಿಸನ್ ಮತ್ತು ಶಹಾ ಎಂಬ ವೈದ್ಯರಿಬ್ಬರು ಒಂದು ವಿಚಾರಣೆಯನ್ನು ಪ್ರಕಟಿಸಿದರು. ಅಲ್ಲಿ ಪರದೆಯ ಪದ್ಧತಿಯಿಂದ ಮನೆಯೊಳಗೇ ಇರುತ್ತಿದ್ದ ಸ್ಥಿತಿವಂತರ ಸ್ತ್ರೀಯರಲ್ಲಿಯೂ ಮಕ್ಕಳಲ್ಲಿಯೂ ಈ ರೋಗವು ಕಂಡುಬಂತು. ಬಡ ಊಟವನ್ನುಂಡರೂ ಬಯಲಲ್ಲಿ ದುಡಿಯುತ್ತಿದ್ದ ಬಡವರಲ್ಲಿ ಕಾಣಲಿಲ್ಲ. ಇದರಿಂದ ನಾವು ಕಲಿಯತಕ್ಕದ್ದೇನಂದರೆ, ಊರಿನಲ್ಲಿ ಬಿಸಿಲು ಇದ್ದರೆ ಸಾಲದು, ಅದು ಮೈಗೆ ಬೀಳಬೇಕು.

4. ನಮ್ಮಲ್ಲಿ ಎಚ್ಚರವಾಗಿರತಕ್ಕವರು

ಹೊಲದಲ್ಲಿ ಕಳೆ ತೆಗೆಯುವವರಿಗೂ ಕುರಿ ಕಾಯುವವರಿಗೂ ಈ ಭಯವು ಕಡಿಮೆ. ಆದರೆ ರಾಮದುರ್ಗದ ಸೀಮೆಯಲ್ಲಿ ನೇಕಾರಿಕೆಯಿಂದ ಬದುಕುವ ಮನೆಗಳು ಬಹಳವಾಗಿವೆ. ನೇಯುವವನು ಮುಂಜಾನೆಯಿಂದ ಸಂಜೆಯ ತನಕ ಮಗ್ಗದ ಮುಂದೆ ಕುಳಿತಿರುತ್ತಾನೆ. ಹೆಂಡತಿಯು ಮೂಲೆಯಲ್ಲಿ ಕಂಡಿಕೆ ಸುತ್ತುತ್ತಾಳೆ. ಕಿಟಕಿಯ ಗಾಜಿನ ಮೂಲಕ ಬೆಳಕು ಬಂದರೂ ಆ ಕಿರಣಗಳನ್ನು ಗಾಜು ತಡೆಯುತ್ತದೆ. ಹೊಲಿಗೆಯವರು, ಬೀಡಿ ಕಟ್ಟುವವರು, ಅಂಗಡಿಯಲ್ಲಿ ಕೂಡ್ರುವವರು ಇವರ ಸ್ಥಿತಿಯೂ ಇಂಥದ್ದೇ.

ಎರಡನೆಯವರು ಬಾಣಂತಿಯರೂ ಕೂಸುಗಳೂ. ಗಾಳಿ ತಾಗಬಾರದೆಂದು ಬಾಣಂತಿಯನ್ನು ತಿಂಗಳುಗಟ್ಟಲೆ ಕತ್ತಲೆಯ ಕೋಣೆಯಲ್ಲಿಡುವ ರೂಢಿಯು ನಮ್ಮಲ್ಲಿ ಇನ್ನೂ ಅಲ್ಲಲ್ಲಿ ಉಂಟು. ತಾಯಿಯ ಎಲುಬಿನ ಕ್ಯಾಲ್ಸಿಯಮು ಗರ್ಭದಲ್ಲಿ ಕೂಸಿಗೂ ಬಳಿಕ ಹಾಲಿಗೂ ವೆಚ್ಚವಾಗುವ ಸಮಯದಲ್ಲಿಯೇ ಬಿಸಿಲಿನ ಬಾಗಿಲನ್ನು ಮುಚ್ಚಿದಂತಾಗುತ್ತದೆ. ಮೊಲೆಹಾಲು ಕೂಸಿಗೆ ಎಲ್ಲಾ ಆಹಾರಗಳಿಗಿಂತ ಶ್ರೇಷ್ಠವಾದದ್ದಾದರೂ ಅದರಲ್ಲಿ ವಿಟಮಿನ್ ಡಿ ಸ್ವಲ್ಪವೇ ಇರುತ್ತದೆ. ಆದುದರಿಂದ ಮೊದಲನೆಯ ವರುಷವೆಲ್ಲಾ ಕೂಸಿಗೆ ದಿನಕ್ಕೆ 400 ಯೂನಿಟುಗಳ ಹನಿಯೌಷಧವನ್ನು ಕೊಡಬೇಕೆಂದು ಭಾರತದ ಮಕ್ಕಳ ವೈದ್ಯರ ಸಂಘವು ಹೇಳುತ್ತದೆ. ಇದನ್ನು ಕುರಿತು ಸರಕಾರಿ ದವಾಖಾನೆಯಲ್ಲಿ ಕೇಳಿರಿ.

ಮೂರನೆಯವರು ಮುದುಕರು. ವಯಸ್ಸಾದ ಚರ್ಮವು ಬಿಸಿಲಿನಿಂದ ಈ ಸತ್ವವನ್ನು ಮೊದಲಿನಷ್ಟು ಮಾಡಲಾರದು, ಮತ್ತು ಅವರು ಹೊರಗೆ ಹೋಗುವದೂ ಕಡಿಮೆ.

5. ಮಾಡತಕ್ಕ ಕೆಲಸಗಳು

ಬಿಸಿಲನ್ನು ಕುರಿತು: ಸೂರ್ಯೋದಯದ ಎಳೆಬಿಸಿಲು ಹಿತವಾದದ್ದು, ಆದರೆ ಅದರಲ್ಲಿ ಬೇಕಾದ ಕಿರಣಗಳು ಬಹಳ ಕೊಂಚ. ಸುಲಭವಾದ ಒಂದು ಅಳತೆಯುಂಟು. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಚಿಕ್ಕದಾಗಿದ್ದರೆ ಆ ಬಿಸಿಲು ಕೆಲಸಕ್ಕೆ ಬರುತ್ತದೆ. ಸುರೇಬಾನವು ಸುಮಾರು 16ನೆಯ ಅಕ್ಷಾಂಶದಲ್ಲಿರುವದರಿಂದ ಇಲ್ಲಿ ಡಿಸೆಂಬರ್ ತಿಂಗಳಿನಲ್ಲಿಯೂ 11 ಗಂಟೆಯಿಂದ 2 ಗಂಟೆಯ ತನಕ ನೆರಳು ಹಾಗಿರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಒಂಬತ್ತೂವರೆ ಗಂಟೆಗೇ ನೆರಳು ಚಿಕ್ಕದಾಗುವದರಿಂದ, ಉರಿಬಿಸಿಲಿನ ಮಧ್ಯಾಹ್ನದಲ್ಲಿ ಕೂತು ಬಳಲುವ ಅವಶ್ಯವಿಲ್ಲ. ನಮ್ಮ ಕಪ್ಪು ಮೈಬಣ್ಣದವರಿಗೆ ಬಿಳಿಯರಿಗಿಂತ ಹೆಚ್ಚು ಹೊತ್ತು ಬೇಕಾಗುತ್ತದೆ. ವಾರದಲ್ಲಿ ನಾಲ್ಕೈದು ದಿನ, ಸುಮಾರು ಅರ್ಧ ತಾಸು, ಮುಖ, ತೋಳು, ಕಾಲುಗಳಿಗೆ ಬಿಸಿಲು ಬೀಳುವಂತೆ ಇರುವದು ಒಳ್ಳೇದು. ಸ್ತ್ರೀಯರು ಹಿತ್ತಲಲ್ಲಿ ಅಥವಾ ಮಾಳಿಗೆಯ ಮೇಲೆ ಕಾಳು ಹಸನು ಮಾಡುತ್ತಾ ಇದನ್ನು ಸಾಧಿಸಬಹುದು. ಎಳೆಗೂಸುಗಳನ್ನು ಮಾತ್ರ ಕಡುಬಿಸಿಲಿನಲ್ಲಿ ಮಲಗಿಸಕೂಡದು.

ಊಟವನ್ನು ಕುರಿತು: ನಮ್ಮ ನಿತ್ಯದ ಊಟದಲ್ಲಿ ವಿಟಮಿನ್ ಡಿ ಬಹಳ ಕಡಿಮೆ. ಕೊಬ್ಬುಳ್ಳ ಮೀನುಗಳಲ್ಲಿಯೂ ತತ್ತಿಯ ಹಳದಿಯಲ್ಲಿಯೂ ಇರುತ್ತದೆ. ಆದರೆ ದೊಡ್ಡವರಿಗೆ ದಿನಕ್ಕೆ 600 ಯೂನಿಟುಗಳು ಬೇಕಾಗಿರಲಾಗಿ ಒಂದು ತತ್ತಿಯಲ್ಲಿ ಸುಮಾರು 40 ಮಾತ್ರ ದೊರೆಯುತ್ತವೆ. ಕ್ಯಾಲ್ಸಿಯಮಾದರೋ ಊಟದಿಂದಲೇ ಬರಬೇಕು. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು. ನೂರು ಗ್ರಾಂ ಜೋಳದಲ್ಲಿ ಮೂವತ್ತು ಮಿಲಿಗ್ರಾಮಿನಷ್ಟೂ ಇರುವದಿಲ್ಲ; ಅಷ್ಟೇ ರಾಗಿಯಲ್ಲಿ ಸುಮಾರು 350 ಉಂಟು. ಆದುದರಿಂದ ಜೋಳದ ರೊಟ್ಟಿಯ ಸಂಗಡ ಹಾಲು, ಮೊಸರು, ಮಜ್ಜಿಗೆ, ನುಗ್ಗೆಯ ತಪ್ಪಲು ಇರಬೇಕು. ಆಗಾಗ್ಗೆ ರಾಗಿಯ ಅಂಬಲಿಯನ್ನೂ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯನ್ನೂ ಮಾಡಬೇಕು. ಮನೆಯ ಹಾಲನ್ನೆಲ್ಲಾ ಡೇರಿಗೆ ಹಾಕಿ ಬಾಣಂತಿಗೆ ಬರೀ ಚಹಾ ಕೊಡುವದು ಲಾಭದ ವ್ಯಾಪಾರವಲ್ಲ.

ಬೀಳದಂತೆ ನೋಡಿಕೊಳ್ಳುವದನ್ನು ಕುರಿತು: ಮಾಂಸಖಂಡವು ದುಡಿದರೇ ಬಲವಾಗುತ್ತದೆ. ಮುದುಕರು ಗಟ್ಟಿಯಾದ ಕುರ್ಚಿಯಿಂದ ಅಥವಾ ಕಟ್ಟೆಯಿಂದ ದಿನಾಲು ಹತ್ತು ಸಾರಿ ಎದ್ದು ಕೂಡ್ರುವ ಅಭ್ಯಾಸವನ್ನು ಮಾಡಲಿ. ಮೊದಲು ಹತ್ತಿರ ಒಬ್ಬರು ನಿಂತಿರಲಿ. ಬಚ್ಚಲದ ಪಾಚಿಯನ್ನು ತಿಕ್ಕಿ ತೆಗೆಯಿರಿ, ರಾತ್ರಿಯಲ್ಲಿ ಹೊಸ್ತಿಲ ಬಳಿ ದೀಪವಿರಲಿ.

6. ಔಷಧದ ವಿಷಯದಲ್ಲಿ ಎಚ್ಚರಿಕೆ

ಮೇಲೆ ಹೇಳಿದ ಗುರುತುಗಳಿದ್ದರೆ ವೈದ್ಯರ ಬಳಿಗೆ ಹೋಗಬೇಕು. ಯಾಕಂದರೆ ಥೈರಾಯಿಡ್, ಸಕ್ಕರೆರೋಗ, ನರಗಳ ರೋಗ ಇವುಗಳಿಂದಲೂ ಬಲಹೀನತೆ ಉಂಟಾಗುತ್ತದೆ. ರಕ್ತವನ್ನು ಪರೀಕ್ಷಿಸಿ, ಒಂದು ಮಿಲಿಲೀಟರಿನಲ್ಲಿ ಈ ಸತ್ವವು 20 ನ್ಯಾನೊಗ್ರಾಮಿಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ. ಆಗ ಕೊಡುವ 60,000 ಯೂನಿಟಿನ ಗುಳಿಗೆಯು ವಾರಕ್ಕೆ ಒಂದಾವರ್ತಿ, ಹೇಳಿದಷ್ಟು ವಾರಗಳ ಮಟ್ಟಿಗೆ ಮಾತ್ರ ತೆಗೆದುಕೊಳ್ಳತಕ್ಕದ್ದು. ಅದನ್ನು ದಿನಾಲು ನುಂಗುವದೂ ಶಕ್ತಿಗಾಗಿ ಎಂದು ಮೇಲಿಂದ ಮೇಲೆ ಸೂಜಿಮದ್ದು ಚುಚ್ಚಿಸಿಕೊಳ್ಳುವದೂ ಅಪಾಯಕರ. ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಮು ಏರಿ, ವಾಂತಿ, ಅತಿ ಬಾಯಾರಿಕೆ, ಮಲಬದ್ಧತೆ, ಬುದ್ಧಿಮಾಂದ್ಯ ಉಂಟಾಗಿ ಮೂತ್ರಪಿಂಡಗಳು ಕೆಡಬಹುದು.

ಹೆಚ್ಚು ತೆಗೆದುಕೊಂಡರೆ ಹೆಚ್ಚು ಬಲವೆಂಬದು ಸುಳ್ಳು. ಆಸ್ಟ್ರೇಲಿಯದಲ್ಲಿ 70 ವರುಷ ದಾಟಿದ 2,256 ಸ್ತ್ರೀಯರಲ್ಲಿ ಕೆಲವರಿಗೆ ವರುಷಕ್ಕೊಮ್ಮೆ ಐದು ಲಕ್ಷ ಯೂನಿಟುಗಳನ್ನು ಕೊಟ್ಟು ನೋಡಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಔಷಧ ಪಡೆದವರೇ ಹೆಚ್ಚಾಗಿ ಬಿದ್ದರು, ಅವರ ಎಲುಬುಗಳೇ ಹೆಚ್ಚಾಗಿ ಮುರಿದವು. ಅಮೇರಿಕದಲ್ಲಿ 25,871 ಮಂದಿಯಲ್ಲಿ ಮಾಡಿದ ಇನ್ನೊಂದು ಪರೀಕ್ಷೆಯು, ಕೊರತೆ ಇದೆಯೋ ಎಂದು ನೋಡಿ ಆರಿಸದೆ ದಿನಾಲು ಗುಳಿಗೆ ಕೊಟ್ಟದ್ದರಿಂದ ಎಲುಬು ಮುರಿಯುವದು ಕಡಿಮೆಯಾಗಲಿಲ್ಲವೆಂದು 2022ರಲ್ಲಿ ತೋರಿಸಿತು. ಹಸಿದವನಿಗೆ ಅನ್ನವು ಬಲ. ಉಂಡವನಿಗೆ ಮತ್ತಷ್ಟು ಬಡಿಸಿದರೆ ಅಜೀರ್ಣ. ಈ ಸತ್ವವೂ ಹಾಗೆಯೇ ಇರುತ್ತದೆ.

ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಮೊಣಕಾಲಿಗೆ ಕೈಯೂರಿ ಏಳುವವರು ಇದ್ದರೆ, ಅವರನ್ನು ಈ ವಾರದಲ್ಲಿಯೇ ದವಾಖಾನೆಗೆ ಕರೆದುಕೊಂಡು ಹೋಗಿರಿ. ಅವರು ತಾವಾಗಿ ಕೇಳಿಕೊಳ್ಳುವ ತನಕ ಕಾಯಬೇಡಿರಿ, ಯಾಕಂದರೆ ಬಹಳ ದಿನ ಬೈಸಿಕೊಂಡವರು ಕೇಳುವದನ್ನೇ ಬಿಟ್ಟಿರುತ್ತಾರೆ.

ಪ್ರಶ್ನೆಗಳು

1. ಸಾಧಾರಣ ದಣಿವಿಗೂ ಈ ಬಲಹೀನತೆಗೂ ಇರುವ ಭೇದವೇನು?
2. ಎಡವಿದಾಗ ನಮ್ಮನ್ನು ಕಾಯುವ ತಂತುಗಳು ಯಾವವು?
3. ನಾಸಿಕದ ಸ್ಥಿತಿವಂತರಲ್ಲಿ ರೋಗವಿದ್ದು ಬಯಲಲ್ಲಿ ದುಡಿಯುವ ಬಡವರಲ್ಲಿ ಇಲ್ಲದ್ದಕ್ಕೆ ಕಾರಣವೇನು?
4. ನೆರಳಿನ ಅಳತೆಯನ್ನು ನಾಳೆ ಅಂಗಳದಲ್ಲಿ ನೋಡಿ, ನಿಮ್ಮ ಊರಿನಲ್ಲಿ ಯಾವ ಗಂಟೆಯ ಬಿಸಿಲು ಪ್ರಯೋಜನಕರವೆಂಬದನ್ನು ಹೇಳಿರಿ.
5. ವಾರದ ಗುಳಿಗೆಯನ್ನು ದಿನಾಲು ನುಂಗಿದರೆ ಏನಾಗುವದು?