ಗೋ ಆಟದ ಮೂವರು ಧೀಮಂತರು

ಚತುರಂಗದ ಮಣೆಯ ಮೇಲೆ ರಾಜನಿದ್ದಾನೆ, ಮಂತ್ರಿಯಿದ್ದಾನೆ, ಆನೆ ಕುದುರೆಗಳಿವೆ. ಚೀನಾದಲ್ಲಿ ಹುಟ್ಟಿ ಕೊರಿಯ, ಜಪಾನುಗಳಲ್ಲಿ ಬೆಳೆದ ಗೋ ಆಟದಲ್ಲಿ ಇಂಥ ಮೇಲು ಕೀಳುಗಳಿಲ್ಲ. ಅಡ್ಡಕ್ಕೆ 19, ಉದ್ದಕ್ಕೆ 19 ಗೆರೆಗಳು. ಅವು ಕೂಡುವ 361 ಬಿಂದುಗಳು. ಒಬ್ಬನಿಗೆ ಕಪ್ಪು ಕಲ್ಲುಗಳು, ಮತ್ತೊಬ್ಬನಿಗೆ ಬಿಳಿಯವು. ಒಮ್ಮೆ ಇಟ್ಟ ಕಲ್ಲನ್ನು ಸರಿಸುವಂತಿಲ್ಲ. ಎಲ್ಲ ಕಡೆಯಿಂದ ಮುತ್ತಿಗೆಗೆ ಒಳಗಾದ ಕಲ್ಲು ಸೆರೆಯಾಗುತ್ತದೆ. ಕೊನೆಯಲ್ಲಿ ಹೆಚ್ಚು ನೆಲವನ್ನು ಆವರಿಸಿಕೊಂಡವನೇ ವಿಜಯಿ. ನಿಯಮಗಳು ಸರಳ, ಆದರೆ ಎರಡು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಆಡುತ್ತ ಬಂದರೂ ಇದರ ಆಳವನ್ನು ಮುಟ್ಟಿದವರಿಲ್ಲ.

ಹೊನಿನ್ಬೊ ಷೂಸಾಕು 1829ರಲ್ಲಿ ಜಪಾನಿನ ಇನ್ನೋಷಿಮಾ ದ್ವೀಪದಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ಎಡೋ ನಗರದ, ಎಂದರೆ ಇಂದಿನ ಟೋಕಿಯೋದ, ಹೊನಿನ್ಬೊ ಎಂಬ ಪ್ರಸಿದ್ಧ ಗೋ ಮನೆತನದಲ್ಲಿ ಶಿಷ್ಯನಾದನು. 1846ರಲ್ಲಿ ಒಸಾಕಾದಲ್ಲಿ ಅವನು ಗೆನ್ನನ್ ಇನ್ಸೆಕಿ ಎಂಬ ಹಿರಿಯ ಆಟಗಾರನನ್ನು ಎದುರಿಸಿದನು. ತರುಣನು ಸೋಲುವನೆಂದೇ ನೋಡುತ್ತಿದ್ದವರೆಲ್ಲ ಭಾವಿಸಿದರು. ಅಲ್ಲಿದ್ದ ವೈದ್ಯನೊಬ್ಬನು ಮಾತ್ರ, “ಷೂಸಾಕುವೇ ಗೆಲ್ಲುತ್ತಾನೆ” ಎಂದನಂತೆ. ಅವನಿಗೆ ಆಟ ಹೆಚ್ಚು ತಿಳಿಯದು. ಆದರೆ ಷೂಸಾಕು ಒಂದು ಕಲ್ಲನ್ನಿಟ್ಟೊಡನೆ ಇನ್ಸೆಕಿಯ ಕಿವಿಗಳು ಕೆಂಪಾದುದನ್ನು ಅವನು ಕಂಡಿದ್ದನು! ವೈದ್ಯನ ಮಾತು ನಿಜವಾಯಿತು.

1849ರಿಂದ 1861ರವರೆಗೆ ಎಡೋ ಅರಮನೆಯಲ್ಲಿ ನಡೆದ ಪಂದ್ಯಗಳಲ್ಲಿ ಷೂಸಾಕು ಆಡಿದ 19 ಆಟಗಳನ್ನೂ ಗೆದ್ದನು. ಮರುವರ್ಷವೇ ಎಡೋ ನಗರಕ್ಕೆ ಕಾಲರಾ ಮಾರಿ ಬಂದಿತು. ತನ್ನ ಮನೆತನದ ರೋಗಿಗಳ ಶುಶ್ರೂಷೆಗೆ ನಿಂತ ಅವನು ಅದೇ ರೋಗಕ್ಕೆ ತುತ್ತಾಗಿ ಎಳೆಯ ಪ್ರಾಯದಲ್ಲಿಯೇ ಅಸುನೀಗಿದನು.

ಷೂಸಾಕುವಿನಂಥ ಹಿರಿಯರು ನಡೆದ ದಾರಿಯೇ ಮುಂದಿನವರಿಗೆ ಶಾಸ್ತ್ರವಾಯಿತು. ಆ ಶಾಸ್ತ್ರವನ್ನು ಪ್ರಶ್ನಿಸುವ ಧೈರ್ಯ ತೋರಿದವರು ಗೋ ಸೇಗೆನ್. 1914ರಲ್ಲಿ ಚೀನಾದಲ್ಲಿ ಹುಟ್ಟಿದ ಅವರು ತಂದೆಯಿಂದ ಆಟ ಕಲಿತರು. ತಂದೆ ತೀರಿಕೊಂಡ ಬಳಿಕ, 14ನೆಯ ವಯಸ್ಸಿನಲ್ಲಿ ಜಪಾನಿಗೆ ಬಂದರು. ಮೊದಲು ಮೂಲೆಗಳನ್ನು ಕ್ರಮವಾಗಿ ಭದ್ರಪಡಿಸಿಕೊಳ್ಳಬೇಕೆಂಬುದು ಅಂದಿನ ರೂಢಿ. ಸೇಗೆನ್ ಮತ್ತು ಅವರ ಗೆಳೆಯ ಕಿತಾನಿ ಮಿನೋರು ಮಣೆಯ ನಡುಭಾಗಕ್ಕೂ ಬೆಲೆಯಿದೆಯೆಂದು ಹೊಸ ಆರಂಭವೊಂದನ್ನು ರೂಪಿಸಿದರು. 1933ರಲ್ಲಿ ಹೊನಿನ್ಬೊ ಷೂಸೈ ಎಂಬ ಮಹಾಗುರುವಿನೆದುರು ಕುಳಿತ 19ರ ತರುಣ ಸೇಗೆನ್, ತಮ್ಮ ಮೂರನೆಯ ಕಲ್ಲನ್ನು ಮಣೆಯ ನಟ್ಟನಡುವೆ ಇಟ್ಟರು! ನೋಡಿದವರು ಬೆರಗಾದರು, ಕೆಲವರು ಇದು ಗುರುಗಳಿಗೆ ಮಾಡಿದ ಅವಮಾನವೆಂದರು. ತಿಂಗಳುಗಟ್ಟಲೆ ನಡೆದ ಆ ಆಟದಲ್ಲಿ ಸೇಗೆನ್ ಎರಡೇ ಅಂಕಗಳಿಂದ ಸೋತರು. ಆದರೆ ಆಟದ ರೀತಿಯೇ ಬದಲಾಗಿತ್ತು. 1939ರಿಂದ 1956ರವರೆಗಿನ ಹತ್ತು ಆಟಗಳ ಪಂದ್ಯಮಾಲೆಗಳಲ್ಲಿ ಅವರು ಜಪಾನಿನ ಅಗ್ರಗಣ್ಯರನ್ನು ಒಬ್ಬೊಬ್ಬರಾಗಿ ಹಿಂದಿಕ್ಕಿದರು. 1961ರ ರಸ್ತೆ ಅಪಘಾತದ ಅನಂತರ ಮೊದಲಿನಂತೆ ಆಡಲು ಆಗಲಿಲ್ಲ. ಆದರೂ ಅಧ್ಯಯನವನ್ನು ಬಿಡಲಿಲ್ಲ. ನೂರು ವರ್ಷ ಬಾಳಿ 2014ರಲ್ಲಿ ಅವರು ನಿಧನರಾದರು.

2016ರ ಮಾರ್ಚ್ ತಿಂಗಳಲ್ಲಿ ಕೊರಿಯದ ಲೀ ಸೆಡೊಲ್ ಅವರ ಎದುರಾಳಿಯಾದುದು ಮನುಷ್ಯನಲ್ಲ. ಆಲ್ಫಾಗೋ ಎಂಬ ಗಣಕಯಂತ್ರದ ಕಾರ್ಯಕ್ರಮ. ಸೋಲ್ ನಗರದಲ್ಲಿ ನಡೆದ ಮೊದಲ ಮೂರು ಆಟಗಳಲ್ಲಿ ಸೋತು, ಪಂದ್ಯವೇ ಕೈಬಿಟ್ಟಿದ್ದರೂ ಲೀ ಎದೆಗುಂದಲಿಲ್ಲ. ನಾಲ್ಕನೆಯ ಆಟದ 78ನೆಯ ನಡೆಯಲ್ಲಿ ಯಂತ್ರವು ನಿರೀಕ್ಷಿಸದಿದ್ದ ಎಡೆಯಲ್ಲಿ ಕಲ್ಲನ್ನಿಟ್ಟು ಆಟವನ್ನು ಗೆದ್ದರು. ಐದನೆಯದನ್ನು ಯಂತ್ರ ಗೆದ್ದಿತು.

ಷೂಸಾಕು ಅಜೇಯನೆಂಬುದರ ಜೊತೆಗೆ ರೋಗಿಗಳ ಬಳಿ ನಿಂತನೆಂಬುದನ್ನೂ ಜನ ನೆನೆಯುತ್ತಾರೆ. ಸೇಗೆನ್ ಸೋತ ಆಟವೇ ಹೊಸ ಯುಗಕ್ಕೆ ಬಾಗಿಲಾಯಿತು. ಲೀ ಸೆಡೊಲ್ ಸೋತ ಪಂದ್ಯದಲ್ಲಿ ಗೆದ್ದ ಒಂದೇ ಆಟ ಲೋಕಕ್ಕೆ ಪ್ರಿಯವಾಯಿತು. ಆಟಗಾರನ ಹಿರಿಮೆಯನ್ನು ಅಳೆಯಲು ಅಂಕಗಳಷ್ಟೇ ಸಾಲವು.

ಅಭ್ಯಾಸ
1. ವೈದ್ಯನು ಷೂಸಾಕುವಿನ ಗೆಲುವನ್ನು ಹೇಗೆ ಊಹಿಸಿದನು?
2. ಸೇಗೆನ್ ಅವರ ಮೂರನೆಯ ನಡೆ ಜನರನ್ನು ಬೆರಗುಗೊಳಿಸಿದುದೇಕೆ?
3. ‘ಸೋಲಿನಲ್ಲಿಯೂ ಹಿರಿಮೆಯುಂಟು’ – ಪಾಠದ ಆಧಾರದಿಂದ ವಿವರಿಸಿ.