ಹೆಚ್ಚುವರಿ ತಾಸು ಕೇಳುವುದು ಪರೀಕ್ಷೆಯ ದಿನ ಅಲ್ಲ

ಪರೀಕ್ಷೆ ಮುಗಿದ ಗಂಟೆ ಹೊಡೆಯುತ್ತಲೇ ಮೇಲ್ವಿಚಾರಕರು ಸಾಲುಸಾಲಾಗಿ ಉತ್ತರಪತ್ರಿಕೆ ಕೂಡಿಸುತ್ತ ಬರುತ್ತಾರೆ. ಮೂಲೆಯಲ್ಲಿ ಸಹಾಯಕ ಬರಹಗಾರನಿಗೆ ಉತ್ತರ ಹೇಳಿ ಬರೆಸುತ್ತಿರುವ ಅಂಧ ವಿದ್ಯಾರ್ಥಿಯ ಪತ್ರಿಕೆಗೂ ಅವರು ಕೈ ಹಾಕಿದರೆ ಅದು ಶಿಸ್ತಲ್ಲ, ಹಕ್ಕಿನ ಉಲ್ಲಂಘನೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೇ ಕಲಂ ಹೆಚ್ಚುವರಿ ಸಮಯ, ಬರಹಗಾರರ ನೆರವು, ಎರಡನೇ ಮತ್ತು ಮೂರನೇ ಭಾಷೆಯ ವಿನಾಯಿತಿ ಮೂರನ್ನೂ ಹೆಸರಿಸುತ್ತದೆ. ಗಂಟೆಗೆ ಕನಿಷ್ಠ 20 ನಿಮಿಷ, ಅಂದರೆ ಮೂರು ತಾಸಿನ ಪತ್ರಿಕೆಗೆ ಇನ್ನೊಂದು ತಾಸು ಎಂಬ ಲೆಕ್ಕ ಕೇಂದ್ರ ಸರ್ಕಾರದ 2018ರ ಆಗಸ್ಟ್ 29ರ ಮಾರ್ಗಸೂಚಿಯದು. ಅಂಗವೈಕಲ್ಯ ಶೇ. 40ಕ್ಕಿಂತ ಕಡಿಮೆ ಎಂಬ ನೆಪದಲ್ಲಿ ಬರಹಗಾರರನ್ನು ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ವಿಕಾಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಬರೆಯಲು ತೊಂದರೆಯಿದೆ ಎಂಬ ವೈದ್ಯಕೀಯ ಪ್ರಮಾಣಪತ್ರ ಮಾತ್ರ ಬೇಕು.

ಅದೇ ವರ್ಷದ ನವೆಂಬರ್ ತೀರ್ಪೊಂದನ್ನು ಪಾಲಕರು ಮರೆಯಬಾರದು. ಡಿಸ್‌ಗ್ರಾಫಿಯಾ ಎಂಬ ಬರವಣಿಗೆಯ ತೊಂದರೆ ಇದ್ದ ವಿದ್ಯಾರ್ಥಿನಿಗೆ ನೀಟ್ ಪರೀಕ್ಷೆಯಲ್ಲಿ ಆ ಒಂದು ತಾಸು ಸಿಗಲಿಲ್ಲ. ಅನ್ಯಾಯವಾಗಿದೆ ಎಂದು ನ್ಯಾಯಾಲಯ ಒಪ್ಪಿತು, ಆದರೆ ಮರುಪರೀಕ್ಷೆಗೆ ಆದೇಶಿಸಲಿಲ್ಲ. ಕಳೆದುಹೋದ ತಾಸನ್ನು ಸುಪ್ರೀಂ ಕೋರ್ಟೂ ಮರಳಿಸಲಾರದು.

ಹಾಗಾಗಿ ಕೆಲಸ ಶುರುವಾಗಬೇಕಾದದ್ದು ಎಸ್ಸೆಸ್ಸೆಲ್ಸಿ ನೋಂದಣಿಯ ಹೊತ್ತಿಗೇ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಶಹಾಬಾದ್, ವಾಡಿ ಕಡೆಯವರು ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಅಥವಾ ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಮುಖ್ಯೋಪಾಧ್ಯಾಯರಿಗೆ ಲಿಖಿತ ಅರ್ಜಿ ಕೊಡಬೇಕು. ಅವರ ಮೂಲಕ ಅದು ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿ ತಲುಪಬೇಕು. ಈ ಕಾಗದಗಳಿಗಾಗಿ ಚಿಂಚೋಳಿಯ ತಾಂಡಾಗಳಿಂದ ಕಲಬುರಗಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಹೊರಡುವ ಮೊದಲು ನಿಮ್ಮ ಭಾಗದ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಯಾವ ಕಾಗದ ಬೇಕೆಂದು ಖಚಿತಪಡಿಸಿಕೊಳ್ಳಿ. ಬರಹಗಾರರು ಯಾವ ತರಗತಿಯವರಿರಬೇಕು ಎಂಬುದನ್ನು ಪರೀಕ್ಷಾ ಮಂಡಳಿಯ ಆ ವರ್ಷದ ಸುತ್ತೋಲೆಯಲ್ಲೇ ನೋಡಬೇಕು. ಪಕ್ಕದ ಮನೆಯವರ ಮಾತು ನಂಬಿ ಕೂತರೆ ಕೆಟ್ಟಿತು.

ಅನುಮತಿ ಆದೇಶ ಕೈಗೆ ಬಂದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಪರೀಕ್ಷೆಗೆ ಮುಂಚಿತವಾಗಿ ಕೇಂದ್ರದ ಮುಖ್ಯ ಅಧೀಕ್ಷಕರಿಗೆ ಅದನ್ನು ತೋರಿಸಿ. ನೆಲಮಹಡಿಯ ಕೋಣೆ ಕೇಳಿ. ಹೆಚ್ಚುವರಿ ತಾಸಿಗೆ ಯಾವ ಮೇಲ್ವಿಚಾರಕರು ಉಳಿಯುತ್ತಾರೆಂದೂ ಕೇಳಿ. ಎಷ್ಟೋ ಸಲ ಗಡಿಬಿಡಿಯಾಗುವುದು ಇಲ್ಲಿಯೇ.

ನಿರಾಕರಿಸಿದರೆ ಕಾರಣವನ್ನು ಬರೆದುಕೊಡಲು ಕೇಳಿ.  ದೂರು ಕೊಡಲು ಜಿಲ್ಲಾ ಮಟ್ಟದ ಸಮಿತಿಯಿದೆ, ಬೆಂಗಳೂರಿನಲ್ಲಿ ವಿಕಲಚೇತನರ ರಾಜ್ಯ ಆಯುಕ್ತರಿದ್ದಾರೆ. ಎಲ್ಲಿಗೇ ಹೋದರೂ ಮೊದಲು ಕೇಳುವುದು ನೀವು ಕೊಟ್ಟ ಅರ್ಜಿಯ ನಕಲನ್ನು. ಅದರ ಮೇಲೆ ಶಾಲೆಯ ಸಹಿ, ಮೊಹರು, ದಿನಾಂಕ ಹಾಕಿಸಿಕೊಂಡೇ ಮನೆಗೆ ಬನ್ನಿ.