ಬಿಸಿನೀರಿನ ಫಿಟ್ಸ್: ಮಾತ್ರೆ ನಿಲ್ಲಿಸಬಹುದೇ?

ಪ್ರಶ್ನೆ: ಮಗನಿಗೆ ಎಂಟು ವರ್ಷ. ತಲೆಗೆ ಬಿಸಿನೀರು ಹಾಕುವಾಗ ಎರಡು ಸಲ ಫಿಟ್ಸ್ ಬಂತು, ಆಮೇಲೆ ಶಾಲೆಯಲ್ಲೂ ಒಮ್ಮೆ ಬಂತು. ಮಾತ್ರೆ ಶುರುಮಾಡಿ ಎಂಟು ತಿಂಗಳಾಯಿತು, ಮತ್ತೆ ಬಂದಿಲ್ಲ. ನಿಲ್ಲಿಸಬಹುದೇ? ಬುದ್ಧಿ ಮಂದವಾಗುತ್ತೆ ಅಂತಾರೆ ನಮ್ಮತ್ತೆ.
– ಒಬ್ಬ ತಾಯಿ, ಹೊಳಲ್ಕೆರೆ ತಾಲ್ಲೂಕು

ಉತ್ತರ: ಬೇಡ ತಾಯಿ, ನಿಲ್ಲಿಸಬೇಡಿ. ಫಿಟ್ಸ್ ಬರದೆ ಇರುವುದು ಮಾತ್ರೆಯ ಕೆಲಸ. ಸಾಮಾನ್ಯವಾಗಿ ಎರಡು ವರ್ಷ ಒಂದೂ ಫಿಟ್ಸ್ ಬರದಿದ್ದರೆ ವೈದ್ಯರೇ ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು ಸ್ವಲ್ಪಸ್ವಲ್ಪವೇ ಇಳಿಸುತ್ತಾರೆ. ಒಮ್ಮೆಲೇ ಬಿಟ್ಟರೆ ನಿಲ್ಲದೆ ಬರುವ ಫಿಟ್ಸ್ ಮಗುವಿನ ಪ್ರಾಣಕ್ಕೇ ಕುತ್ತು. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲೋ ಜಾತ್ರೆಗೆ ಹೋದಾಗಲೋ ಎರಡು ದಿನ ಮಾತ್ರೆ ತಪ್ಪಿದರೂ ಅಪಾಯವೇ. ಸ್ಟ್ರಿಪ್ಪಿನಲ್ಲಿ ಹತ್ತು ಮಾತ್ರೆ ಉಳಿದಿರುವಾಗಲೇ ಮುಂದಿನದನ್ನು ತಂದಿಡಿ.

ಬಿಸಿನೀರಿನಿಂದ ಬರುವ ಫಿಟ್ಸ್ ನಮ್ಮ ಕರ್ನಾಟಕದಲ್ಲಿ ಹೊಸದಲ್ಲ. ಡಾ. ಕೆ.ಎಸ್. ಮಣಿ, ಆಮೇಲೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಇದನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಹಂಡೆಯಿಂದ ಸುಡುಸುಡು ನೀರು ತೋಡಿ ಚೊಂಬಿನ ಮೇಲೆ ಚೊಂಬು ತಲೆಗೆ ಸುರಿಯುವುದೇ ಅದನ್ನು ಕೆರಳಿಸುತ್ತದೆ. ಉಗುರು ಬೆಚ್ಚಗಿನ ನೀರು ಸಾಕು. ಮೊದಲು ಕುತ್ತಿಗೆಯಿಂದ ಕೆಳಗೆ ಹಾಕಿ, ತಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಸ್ನಾನದಲ್ಲಿ ಮಾತ್ರ ಫಿಟ್ಸ್ ಬರುವ ಮಕ್ಕಳಿಗೆ ತಲೆಸ್ನಾನಕ್ಕೆ ಒಂದೂವರೆ-ಎರಡು ಗಂಟೆ ಮುಂಚೆ ಕ್ಲೋಬಜಾಮ್ ಕೊಡುವುದೂ ಉಂಟು. ನಿಮ್ಮ ಮಗನಿಗೆ ಶಾಲೆಯಲ್ಲೂ ಬಂದಿದೆಯಲ್ಲ, ಅದಕ್ಕೇ ದಿನವೂ ಮಾತ್ರೆ.

ಅತ್ತೆಯವರ ಮಾತನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಫಿನೋಬಾರ್ಬಿಟೋನ್ ಕೆಲವು ಮಕ್ಕಳಲ್ಲಿ ಮಂಪರು, ಗಮನಕೊರತೆ, ಚಡಪಡಿಕೆ ತರುತ್ತದೆ. ಲೆವೆಟಿರಾಸೆಟಮ್‌ನಿಂದ ಸಿಡುಕು, ವಾಲ್‌ಪ್ರೊಯೇಟ್‌ನಿಂದ ತೂಕ ಹೆಚ್ಚಬಹುದು. ಹಾಗಾದರೆ ಔಷಧಿ ಬದಲಿಸಬಹುದು, ಪ್ರಮಾಣ ಸರಿಪಡಿಸಬಹುದು. ಆದರೆ ಮೇಲಿಂದ ಮೇಲೆ ಬರುವ ಫಿಟ್ಸ್ ಕಲಿಕೆಗೆ ಅದಕ್ಕಿಂತ ಹೆಚ್ಚಿನ ಪೆಟ್ಟು. ಮೈಮೇಲೆ ದದ್ದೆದ್ದು ಜ್ವರ ಬಂದರೆ, ಕಣ್ಣು ಹಳದಿಯಾದರೆ, ಬಿಡದೆ ವಾಂತಿಯಾದರೆ ಅಂದೇ ತೋರಿಸಿ.

ಪ್ರಮಾಣ ಮಗುವಿನ ತೂಕದ ಲೆಕ್ಕ. ಮಗ ಮೂರು-ನಾಲ್ಕು ಕಿಲೋ ಬೆಳೆದಿದ್ದರೆ ಕೇಳಿ. ಸಿರಪ್ ಆದರೆ ಬಾಟಲಿ ಚೆನ್ನಾಗಿ ಕುಲುಕಿ, ಅಡುಗೆಮನೆಯ ಚಮಚ ಬಿಟ್ಟು ಅಳತೆಯ ಮುಚ್ಚಳದಲ್ಲೇ ಕೊಡಿ. ನೀರಿನಲ್ಲಿದ್ದಾಗ ಫಿಟ್ಸ್ ಬಂದರೆ ಮುಳುಗುವ ಅಪಾಯವಿದೆ, ಹಾಗಾಗಿ ಮಗ ನಾಲೆಗೆ ಒಬ್ಬನೇ ಇಳಿಯದಂತೆ ನೋಡಿಕೊಳ್ಳಿ.

ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ಚಮಚ, ಕೈಗೆ ಬೀಗದಕೈ ಬೇಡ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಯಾರಾದರೂ ಮೊಬೈಲಿನಲ್ಲಿ ವಿಡಿಯೊ ತೆಗೆದಿದ್ದರೆ ಮುಂದಿನ ಸಲ ವೈದ್ಯರ ಹತ್ತಿರ ಹೋಗುವಾಗ ಅದನ್ನೂ ತೋರಿಸಿ.